ಅಕ್ಕನ ಸೆಲ್ಲೆಗೆ ಹತ್ತಿದ ಭಂಡಾರ

ನನ್ನ ಮೊಮ್ಮಗಳು ಡಾಕ್ಟರ್ ಆಗಿದ್ದಾಳೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಬರುವುದಿಲ್ಲ. ವಿಜಯಪುರದ ದವಾಖಾನೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಓಡಾಡುತ್ತಾಳೆ. ನಮ್ಮದು ಕುರಿ ಕಾಯ್ದ ಮನೆತನ. ಕುರಿಗೆ ಕಾಲುಬೇನೆ ಬಂದರೆ ಬೇವಿನೆಣ್ಣೆ ಹಚ್ಚುವುದೇ ನಮ್ಮ ಡಾಕ್ಟರಿಕೆಯಾಗಿತ್ತು. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತರೆ ಪಕ್ಕದವರ ಊರು ಕೇಳುವ ಮೊದಲೇ ನಾನು ಇದನ್ನು ಹೇಳಿರುತ್ತೇನೆ. ಕೆಲವರು "ಛಲೋ ಆತ ಬಿಡ್ರಿ" ಅನ್ನುತ್ತಾರೆ. ಕೆಲವರು ಎದ್ದು ಬೇರೆ ಬೆಂಚಿಗೆ ಹೋಗುತ್ತಾರೆ.

ಆದರೆ ಈಗ ಎದೆಯಲ್ಲಿ ತುಂಬಿಕೊಂಡಿರುವ ಸಂತೋಷ ಬೇರೆ. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದರೆ ಬಸ್ಸು ಬಂದು ಹೋದರೂ ಕಥೆ ಮುಗಿಯುವುದಿಲ್ಲ. ಮನೆಯವರಿಗೆ ಕೇಳಿ ಕೇಳಿ ಸಾಕಾಗಿದೆ. ನನ್ನ ಹೆಂಡತಿ ಇದ್ದಿದ್ದರೆ ಕೇಳುತ್ತಿದ್ದಳು. ಅವಳು ಹೋಗಿ ಆರು ಮಳೆಗಾಲವಾಯಿತು. ಮಗ, ಸೊಸೆ ಇದ್ದಾರೆ. ಬೆಳಗಾದರೆ ಕಬ್ಬಿನ ಹೊಲಕ್ಕೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ, ಉಂಡು ಮಲಗುತ್ತಾರೆ. ಅವರದು ತಪ್ಪಿಲ್ಲ. ಕುರಿಗಳಿದ್ದಾಗ ನಾನು ಇಡೀ ದಿನ ಕುರಿಗಳ ಜೊತೆ ಮಾತಾಡುತ್ತಿದ್ದೆ. ಕಾಲುವೆ ನೀರು ಬಂದು, ಮೇಯುವ ಬಯಲೆಲ್ಲ ಕಬ್ಬಾಯಿತು, ಕುರಿ ಕೊಟ್ಟುಬಿಟ್ಟೆವು. ಈಗ ಸಂಜೆ ಯಾರಾದರೂ ಮಾತಾಡಿಸಿದರೆ ದನಿ ಹೊರಡಿಸಲು ಎರಡು ಸಲ ಕೆಮ್ಮಬೇಕಾಗುತ್ತದೆ. ಮೂರನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಕೈಯಲ್ಲಿ ಉಳಿದಿವೆ. ಅದಕ್ಕೇ ಬರೆಯುತ್ತೇನೆ.

ಮೊಮ್ಮಗಳು ಓದಲು ಹೋದದ್ದು ಉಕ್ರೇನ್ ದೇಶಕ್ಕೆ. ಹೋದ ನಾಲ್ಕನೆಯ ವರ್ಷ ಅಲ್ಲಿ ಯುದ್ಧ ಬಂತು. ಟಿವಿಯಲ್ಲಿ ಉರಿಯುವ ಮನೆಗಳನ್ನು ತೋರಿಸುತ್ತಿದ್ದರು, ಇಲ್ಲಿ ಆಕೆಯ ಫೋನು ಹತ್ತುತ್ತಿರಲಿಲ್ಲ. ಸೊಸೆ ಒಲೆ ಹಚ್ಚುವುದನ್ನು ಮರೆತಿದ್ದಳು. ನಾನು ಬೀರೇಶ್ವರನ ಗುಡಿಯ ಕಟ್ಟೆ ಬಿಟ್ಟು ಏಳಲಿಲ್ಲ. ಕೂಸು ಜೀವಂತ ಹೊಸ್ತಿಲು ತುಳಿದರೆ ಅಡಿಯಿಂದ ಮುಡಿಯವರೆಗೆ ಭಂಡಾರ ಹಾಕಿ ಒಳಗೆ ಕರೆದುಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಭಂಡಾರವೆಂದರೆ ಅರಿಷಿಣದ ಪುಡಿ. ಆದರೆ ನಮ್ಮವರಿಗೆ ಅದು ದೇವರು ತಲೆಯ ಮೇಲೆ ಇಡುವ ಕೈ. ಹೊಸ ಎತ್ತು ಬರಲಿ, ಟ್ರ್ಯಾಕ್ಟರ್ ಬರಲಿ, ಮಗ್ಗದಿಂದ ಕಂಬಳಿ ಇಳಿಯಲಿ, ಮೊದಲು ಅದರ ಮೇಲೆ ಭಂಡಾರ ಬೀಳಬೇಕು. ಆಮೇಲೆಯೇ ಅದನ್ನು ಮುಟ್ಟಿ ಬಳಸುವುದು.

ಬಂದಳು. ಜೀಪಿನಿಂದ ಇಳಿದಾಗ ನಮ್ಮ ಹುಡುಗಿಯೇ ಹೌದೋ ಅಲ್ಲವೋ ಅನ್ನುವಷ್ಟು ಬಡವಾಗಿದ್ದಳು. ನಾನು ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ತಲೆಗೆ, ಮುಖಕ್ಕೆ, ದಪ್ಪ ಕೋಟಿಗೆ, ಬೊಗಸೆ ಬೊಗಸೆ ಹಾಕಿದೆ.

"ಯಜ್ಜಾ, ಸಾಕೋ! ಮೂಗಿನ್ಯಾಗ ಹೊಂಟೈತಿ!" ಎಂದು ಆಕೆ ಸೀನುತ್ತ, ನಗುತ್ತ, ಅಳುತ್ತ ನಿಂತಳು.

ಕೋಟು ತೆಗೆದಾಗ ನಡುವಿಗೆ ಒಂದು ಬಟ್ಟೆ ಬಿಗಿದು ಕಟ್ಟಿತ್ತು. ನಮ್ಮ ಹೆಗಲ ಸೆಲ್ಲೆಯಷ್ಟು ಉದ್ದ, ಕೈಯಲ್ಲಿ ನೂತ ನೂಲಿನ ಬಿಳಿ ಬಟ್ಟೆ. ಎರಡೂ ಸೆರಗಿಗೆ ಕೆಂಪು ಕರಿ ದಾರದಲ್ಲಿ ಹೂವು, ಹಕ್ಕಿ. ನಾನು ಕಂಬಳಿ ನೇಯ್ದವನು, ಮೊದಲು ತಿರುವಿ ಬೆನ್ನು ನೋಡಿದೆ. ಒಂದೂ ಗಂಟು ಕಾಣಲಿಲ್ಲ. ಎಳೆ ಎಣಿಸಿ ಎಣಿಸಿ ಹೊಲಿದ ಕೆಲಸ. ಯಾರೋ ಒಬ್ಬಾಕೆ ಒಂದು ಇಡೀ ಚಳಿಗಾಲ ಇದಕ್ಕೆ ಕಣ್ಣು ಕೊಟ್ಟಿದ್ದಾಳೆ ಎಂದು ಗೊತ್ತಾಯಿತು.

ಆಕೆ ರೊಟ್ಟಿ ತಿನ್ನುತ್ತ ಹೇಳಿದಳು. ಗಡಿಯ ಕಡೆ ಹೊರಟ ಬಸ್ಸಿನ ಡ್ರೈವರ್, ಮುಂದೆ ಸೇತುವೆಯೇ ಇಲ್ಲ ಎಂದು ನಡುದಾರಿಯಲ್ಲಿ ಇಳಿಸಿದನಂತೆ. ಇವಳೂ ಸೇರಿ ಮೂವರು ಹುಡುಗಿಯರು ಹಿಮದಲ್ಲಿ ನಡೆದು ಒಂದು ಒಕ್ಕಲುತನದ ಹಳ್ಳಿ ಸೇರಿದರು. ಮೊದಲ ಮನೆಯ ಮುದುಕಿ ಬಾಗಿಲು ತೆರೆದು, ನೀವು ಯಾರು ಎಂದು ಕೇಳುವುದಕ್ಕೂ ನಿಲ್ಲದೆ, ನೆಲದೊಳಗಿನ ಕೋಣೆಗೆ ಇಳಿಸಿದಳು. ನಾವು ಜೋಳ ತುಂಬಲು ನೆಲ ಅಗೆದು ಹಗೇವು ಮಾಡುತ್ತಿದ್ದೆವಲ್ಲ, ಹಾಗೇ. ಅಲ್ಲಿ ಆಲೂಗಡ್ಡೆ, ಬೀಟ್‌ರೂಟ್ ಅನ್ನುವ ಕೆಂಪು ಗಡ್ಡೆ, ಉಪ್ಪುನೀರಿನಲ್ಲಿ ಹಾಕಿದ ಟೊಮೆಟೊ ಬರಣಿಗಳು. ಎಂಟು ದಿನ ಆ ಮೂವರೂ ಅದನ್ನೇ ತಿಂದು ಬದುಕಿದರು. ಮೇಲೆ ನೆಲ ನಡುಗಿದಾಗಲೆಲ್ಲ ಮುದುಕಿ ಏಣಿ ಹತ್ತಿ ಹೋಗಿ ಆಕಳನ್ನು ನೋಡಿ ಬರುತ್ತಿದ್ದಳು.

ಹೊರಡುವ ದಿನ ಮುದುಕಿ ಪೆಟ್ಟಿಗೆ ತೆಗೆದು ಈ ಸೆಲ್ಲೆಯನ್ನು ನಮ್ಮ ಹುಡುಗಿಯ ನಡುವಿಗೆ ಕಟ್ಟಿದಳು. ಮುದುಕಿಯ ತಾಯಿ ಹೊಲಿದದ್ದು. ಅವರಲ್ಲಿ ಮದುವೆಯ ಹೊತ್ತಿಗೆ ಇಂಥ ಸೆಲ್ಲೆಯನ್ನು ನೆಲಕ್ಕೆ ಹಾಸುತ್ತಾರೆ. ಹುಡುಗ ಹುಡುಗಿ ಅದರ ಮೇಲೆ ನಿಲ್ಲಬೇಕು. ಆ ತಾಯಿ ನಿಂತದ್ದು, ಮುದುಕಿ ನಿಂತದ್ದು, ಮಗಳು ನಿಂತದ್ದು ಇದರ ಮೇಲೆಯೇ. ಮೊಮ್ಮಗಳು ಒಬ್ಬಳಿದ್ದಾಳೆ, ಪೋಲೆಂಡಿಗೆ ಕೆಲಸಕ್ಕೆ ಹೋದವಳು ಯುದ್ಧ ಬಂದ ಮೇಲೆ ಅಲ್ಲೇ ಉಳಿದಳು. "ನನ್ನ ಮನೆ ಸುಟ್ಟರೂ ಇದು ಸುಡಬಾರದು. ನೀನು ಹೊರಗೆ ಹೋಗುವವಳು. ಅವಳ ಲಗ್ನ ಗೊತ್ತಾದಾಗ ತಲುಪಿಸು" ಎಂದಳಂತೆ.

ಕೆಲವು ತಿಂಗಳು ಬಿಟ್ಟು ನಮ್ಮ ಹುಡುಗಿ ಉಳಿದ ಓದು ಮುಗಿಸಲು ಬೇರೊಂದು ದೇಶಕ್ಕೆ ಹೊರಟಳು. ಹೊಸ್ತಿಲಲ್ಲಿ ನಿಂತು ಹೇಳಿದಳು: "ಯಜ್ಜಾ, ಆ ಸೆಲ್ಲೆ ಜ್ವಾಪಾನ. ಅದು ನಂದಲ್ಲ, ಅವರ ಮನ್ಯಾಂದು."

"ನಾ ಇರೂತನಕ ನೀ ಚಿಂತಿ ಬಿಡವ್ವಾ" ಎಂದೆ.

ಜ್ವಾಪಾನವೆಂದರೆ ನನಗೆ ಒಂದೇ ಜಾಗ ಗೊತ್ತು, ದೇವರ ಜಗಲಿ. ಬೀರೇಶ್ವರನ ಬೆತ್ತದ ಮಗ್ಗುಲಲ್ಲಿ ಮಡಿಸಿ ಇಟ್ಟೆ. ಪ್ರತಿ ಅಮಾವಾಸ್ಯೆಗೆ ಬಿಚ್ಚಿ, ಮಡಿಕೆ ಮಡಿಕೆಗೂ ಭಂಡಾರ ಸವರಿ, ಮತ್ತೆ ಮಡಿಸುತ್ತಿದ್ದೆ. ಪರರ ವಸ್ತು ಎಂದು ಎರಡು ಬೊಗಸೆ ಹೆಚ್ಚೇ ಹಾಕಿದೆ. ಎರಡು ವರ್ಷದಲ್ಲಿ ಒಂದು ಅಮಾವಾಸ್ಯೆ ತಪ್ಪಿಸಲಿಲ್ಲ.

ಆ ಎರಡು ವರ್ಷ ಆ ಮುದುಕಿಯ ಮನೆಗೂ ನಮ್ಮ ಮನೆಗೂ ಫೋನು ನಡೆಯುತ್ತಿತ್ತು. ಮೊಮ್ಮಗಳು ನನ್ನ ಮೊಬೈಲಿನಲ್ಲಿ ಆಕೆಯ ಫೋಟೊ ಕೂಡಿಸಿ ಕೊಟ್ಟಿದ್ದಳು. ಫೋಟೊ ಒತ್ತಿದರೆ ಮುಖ ಬರುತ್ತದೆ. ಹುಡುಗಿಗೆ ಬಿಡುವಿದ್ದರೆ ನಡುವೆ ಸೇರಿ ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ಹೇಳುತ್ತಿದ್ದಳು. ಇಲ್ಲದಿದ್ದರೆ ನಾವಿಬ್ಬರೇ. ಆಕೆ ನನ್ನನ್ನು "ದೀದು" ಅನ್ನುತ್ತಾಳೆ, ಅಜ್ಜ ಎಂದು ಅರ್ಥವಂತೆ. ನಾನು ಆಕೆಯನ್ನು ಅಕ್ಕ ಅನ್ನುತ್ತೇನೆ. ನನಗಿಂತ ಎರಡು ವರ್ಷ ದೊಡ್ಡವಳು.

ಮೊದಲ ಸಲ ಏನು ಮಾತಾಡುವುದೆಂದು ತಿಳಿಯದೆ ಹೊಲದ ಮಣ್ಣು ಒಂದು ಹಿಡಿ ತಂದು ತೋರಿಸಿದೆ. ಅಕ್ಕ ಎದ್ದು ಹೋಗಿ ತನ್ನದೊಂದು ಹಿಡಿ ತಂದಳು. ನೋಡುತ್ತೇನೆ, ನಮ್ಮ ಎರೆಮಣ್ಣಿನಂಥದೇ ಕರಿ ಮಣ್ಣು! ಕಣ್ಣು ಮುಚ್ಚಿ ಅದಲುಬದಲು ಮಾಡಿದರೆ ಯಾರ ಹೊಲದ್ದು ಎಂದು ಎರೆಹುಳುವಿಗೂ ತಿಳಿಯುವುದಿಲ್ಲ. ಅವರು ಗೋಧಿ ಬಿತ್ತುತ್ತಾರೆ, ಸೂರ್ಯಕಾಂತಿ ಬಿತ್ತುತ್ತಾರೆ. ನಾವು ಕಬ್ಬಿನಿಂದ ತೆಗೆಯುವ ಸಕ್ಕರೆಯನ್ನು ಅವರು ಒಂದು ಬಗೆಯ ಗಡ್ಡೆಯಿಂದ ತೆಗೆಯುತ್ತಾರೆ. ಇದನ್ನು ಊರಲ್ಲಿ ಹೇಳಿದರೆ ಒಬ್ಬರೂ ನಂಬಲಿಲ್ಲ.

ಅವರ ಊರಿನ ಗಂಡಸರೆಲ್ಲ ಸೈನ್ಯಕ್ಕೆ ಹೋಗಿದ್ದರು. ಟ್ರ್ಯಾಕ್ಟರ್ ಹೊಡೆಯುವವಳು ಸಾಲೆಯ ಮಾಸ್ತರಣಿ. ಸಾಲೆಯಲ್ಲಿ ಮಕ್ಕಳಿಲ್ಲದ್ದರಿಂದ ಆಕೆಗೆ ಬಿಡುವಿತ್ತು. ಹಳ್ಳದ ಆಚೆಯ ಹೊಲಕ್ಕೆ ಕೆಂಪು ಬಟ್ಟೆ ಕಟ್ಟಿದ್ದರು. ಅಲ್ಲಿ ನೆಲದೊಳಗೆ ಬಾಂಬು ಹೂತಿವೆ, ಕಾಲಿಡುವ ಹಾಗಿಲ್ಲ. ಎರಡು ವರ್ಷ ಬಿತ್ತದೆ ಬಿಟ್ಟು ಕಳೆ ಆಳುದ್ದ ಬೆಳೆದಿತ್ತು. ಅಕ್ಕ ಫೋನು ಆ ಕಡೆ ತಿರುಗಿಸಿ ತೋರಿಸಿ, ಮತ್ತೆ ಈ ಕಡೆ ತಿರುಗಿಸಿದಳು. ಒಕ್ಕಲುತನ ಮಾಡಿದವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೈರನ್ ಕೂಗಿದರೆ ಆಕೆಯ ಆಕಳು ತಾನೇ ಕೊಟ್ಟಿಗೆಗೆ ಹೋಗುತ್ತಿತ್ತು. ಪೋಲೆಂಡಿನ ಮೊಮ್ಮಗಳು ಬಾ ಬಾ ಎಂದು ಕರೆದರೂ ಅಕ್ಕ ಹೋಗಲಿಲ್ಲ. ಆಕಳನ್ನು ಯಾರ ಕೈಗೆ ಕೊಡಲಿ ಅನ್ನುತ್ತಿದ್ದಳು.

ಅವರ ದೊಡ್ಡ ಹಬ್ಬಕ್ಕೆ ಮೊಟ್ಟೆಯ ಮೇಲೆ ಮೇಣದಿಂದ ಗೆರೆ ಎಳೆದು ಬಣ್ಣ ಹಾಕುತ್ತಾರೆ. ಒಂದೊಂದು ಊರಿಗೆ ಒಂದೊಂದು ಗೆರೆಯಂತೆ. ಅಕ್ಕ ಒಂದು ಮೊಟ್ಟೆ ಮುಗಿಸುವವರೆಗೆ ನಾನು ಇಲ್ಲಿಂದ ನೋಡುತ್ತ ಕೂತಿದ್ದೆ. ನಮ್ಮ ಮನೆಯಲ್ಲಿ ಮಧ್ಯಾಹ್ನದ ರೊಟ್ಟಿ ಆರಿ ಕಟಗಾಯಿತು. ಚಳಿಯ ಹಬ್ಬದಲ್ಲಿ ಊಟಕ್ಕೆ ಕೂರುವಾಗ ಸತ್ತವರಿಗೂ ಒಂದು ತಟ್ಟೆ ಇಡುತ್ತಾರೆ. ಆ ದಿನ ಆಕೆಯ ಮೇಜಿನ ಮೇಲೆ ತಟ್ಟೆಗಳು ನಾಲ್ಕಿದ್ದವು, ಕೂತವಳು ಒಬ್ಬಳೇ. ನಾವೂ ಹಿರಿಯರಿಗೆ ಎಡೆ ಇಡುತ್ತೇವೆ ಎಂದು ಹೇಳಬೇಕೆನ್ನಿಸಿತು. ಹುಡುಗಿ ನಡುವೆ ಇರಲಿಲ್ಲ. ನಾನು ಒಳಗೆ ಹೋಗಿ ಹೆಂಡತಿಯ ಫೋಟೊ ತಂದು ಫೋನಿನ ಮುಂದೆ ಹಿಡಿದೆ. ಅಕ್ಕ ಎದ್ದು ಹೋಗಿ ಐದನೆಯ ತಟ್ಟೆ ತಂದಿಟ್ಟಳು.

ಊರವರಿಗೆ ಇದು ನಗೆಯ ಮಾತಾಗಿತ್ತು. ಕಟ್ಟೆಯ ಮೇಲಿನ ನನ್ನ ವಾರಿಗೆಯವನೊಬ್ಬ ದಿನಾ ಕಾಡುತ್ತಿದ್ದ.

"ಏನಪಾ ಹಿರಿಯಾ, ನಿನ್ನ ಬಿಳಿ ಮಡ್ಡಮ್ಮ ಇವತ್ತ ಏನ ಅಡಗಿ ಮಾಡ್ಯಾಳ?"

"ಕೆಂಪ ಗಡ್ಡಿ ಸಾರು."

"ಆಕಿ ಮಾತ ನಿನಗ ತಿಳಿಯಂಗಿಲ್ಲ, ನಿನ್ನ ಮಾತ ಆಕಿಗಿ ತಿಳಿಯಂಗಿಲ್ಲ. ಅದಕ್ಕ ನೋಡ ಜಗಳ ಇಲ್ಲ. ನನ್ನ ಹೇಣ್ತಿ ಮಾತೂ ನನಗ ತಿಳೀದಂಗ ಮಾಡಲಿ ಬೀರಪ್ಪ!"

ನಕ್ಕೆವು. ನಕ್ಕು ಅವನು ಮನೆಗೆ ಹೋದ. ಬೈಯುವುದಕ್ಕಾದರೂ ಅವನಿಗೆ ಮನೆಯಲ್ಲಿ ಒಬ್ಬಳಿದ್ದಾಳೆ.

ಈ ವರ್ಷ ಬೇಸಿಗೆ ಹತ್ತುವ ಮುಂಚೆ, ಓದು ಮುಗಿಸಿ ಬಂದು ವಿಜಯಪುರದಲ್ಲಿ ಕೆಲಸಕ್ಕೆ ನಿಂತಿದ್ದ ಮೊಮ್ಮಗಳು ಒಂದು ರವಿವಾರ ದವಾಖಾನೆಯ ಕೋಟಿನಲ್ಲೇ ಓಡಿಬಂದಳು.

"ಯಜ್ಜಾ, ಆ ಅಜ್ಜಿ ಮೊಮ್ಮಗಳ ಲಗ್ನ ಗೊತ್ತಾತು! ಇನ್ನ ಎರಡ ತಿಂಗಳ ಐತಿ. ಸೆಲ್ಲೆ ತಗಿ, ಕಳಸೋಣು."

ನಾನು ಸ್ನಾನ ಮಾಡಿ, ಜಗಲಿಯಿಂದ ಎರಡೂ ಕೈಯಲ್ಲಿ ಹಿಡಿದು ತಂದೆ. ಬಹಳ ಹೆಮ್ಮೆಯಿಂದ ತಂದೆ. ಆಕೆ ಬಿಚ್ಚಿದಳು. ಭಂಡಾರ ಉದುರಿ ಆಕೆಯ ಬಿಳಿ ಕೋಟಿನ ಮೇಲೆ ಬಿತ್ತು. ಸೆಲ್ಲೆ ಈ ತುದಿಯಿಂದ ಆ ತುದಿಯವರೆಗೆ ಚೆಂಡುಹೂವಿನಂತೆ ಹಳದಿಯಾಗಿತ್ತು.

"ಇದೇನೋ ಯಜ್ಜಾ?"

"ಭಂಡಾರ. ಒಂದ ಅಮಾಸಿ ತಪ್ಪಿಸಿಲ್ಲ ನಾ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲಕ್ಕೆ ಕೂತು, ಹಕ್ಕಿಯ ರೆಕ್ಕೆಯ ಮೇಲೆ ಬೆರಳಾಡಿಸುತ್ತ, "ಬೆಳ್ಳಗ ಇರಬೇಕಿತ್ತೋ ಅದು. ಆಕಿ ಮನ್ಯಾಗ ಇನ್ನ ಉಳಿದಿದ್ದ ಅದೊಂದ" ಎಂದಳು. ಸಂಜೆಯ ಬಸ್ಸಿಗೆ ಹೋಗಲೇಬೇಕಿತ್ತು, ಹೋದಳು.

ಮರುದಿನ ಎಲ್ಲರೂ ಹೊಲಕ್ಕೆ ಹೋದ ಮೇಲೆ ಸಾಬೂನಿನ ಪುಡಿ ಹಾಕಿ, ಬಕೆಟ್ಟಿನಲ್ಲಿ ಸೆಲ್ಲೆ ನೆನೆಸಿದೆ. ಕಣ್ಣ ಮುಂದೆಯೇ ಹಳದಿ ಹೋಗಿ ಬಟ್ಟೆಯೆಲ್ಲ ಕೆಂಪಾಯಿತು. ಕುರಿ ಕೊಯ್ದ ಜಾಗದಂಥ ಕೆಂಪು. ಯುದ್ಧದಿಂದ ಉಳಿದು ಬಂದ ಬಟ್ಟೆಯನ್ನು ನಾನು ಜಮಖಂಡಿ ಸೀಮೆಯ ಹಿತ್ತಲಲ್ಲಿ ಕೊಂದೆ ಎಂದುಕೊಂಡು ಬಕೆಟ್ಟಿನ ಪಕ್ಕ ಕೂತೇಬಿಟ್ಟೆ. ಸಂಜೆ ಸೊಸೆ ಬಂದವಳು ನೋಡಿ ಹಣೆ ಬಡಿದುಕೊಂಡಳು.

"ಅರಿಷಿಣಕ್ಕ ಸಾಬೂನು ಹತ್ತಿದ್ರ ಕೆಂಪ ಆಗತೈತ್ರಿ ಮಾವಾರ. ಜಲಮದಾಗ ಒಂದ ದಿನರ ಅರಿವಿ ಒಗದಿದ್ರ ಗೊತ್ತಾಗ್ತಿತ್ತು ನಿಮಗ!"

ಏಳೆಂಟು ಸಲ ನೀರಲ್ಲಿ ಜಾಲಾಡಿಸಿದಳು. ಕೆಂಪು ಹೋಯಿತು, ಹಳದಿ ತಿರುಗಿ ಬಂತು.

ಅಕ್ಕನಿಗೆ ಹೇಳದೆ ಇರಬಹುದಿತ್ತು. ಮೂರು ದಿನ ಆಕೆಯ ಫೋನು ಬಂದಾಗ ಎತ್ತಲಿಲ್ಲ. ಇಡೀ ದಿನದಲ್ಲಿ ನನಗೆ ಬರುವ ಫೋನು ಅದೊಂದೇ. ಅದು ಹೊಡೆದುಕೊಳ್ಳುತ್ತ ಹೊಡೆದುಕೊಳ್ಳುತ್ತ ತಾನೇ ಸುಮ್ಮನಾಗುವುದನ್ನು ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ನಾಲ್ಕನೆಯ ದಿನ ಮೊಮ್ಮಗಳನ್ನು ನಡುವೆ ಸೇರಿಸಿಕೊಂಡು, ಸೆಲ್ಲೆಯನ್ನು ಫೋನಿನ ಮುಂದೆ ಹಿಡಿದೆ.

ಅಕ್ಕ ನೋಡಿದಳು. ಎದ್ದು ಹೋದಳು. ನಮಗೆ ಆಕೆಯ ಸುಣ್ಣದ ಗೋಡೆ, ಮಣ್ಣಿನ ದೊಡ್ಡ ಒಲೆ ಮಾತ್ರ ಕಾಣುತ್ತಿತ್ತು. ಅಳಲು ಹೋದಳು ಎಂದುಕೊಂಡೆ. ಕನ್ನಡಕ ಹಾಕಿಕೊಂಡು ಬಂದಳು. ಹತ್ತಿರ ಹಿಡಿ ಎಂದು ಸನ್ನೆ ಮಾಡಿದಳು. ಆಮೇಲೆ ಬಾಯಿಬಿಟ್ಟಳು ನೋಡಿ, ನಿಲ್ಲಲೇ ಇಲ್ಲ.

"ಏನಂತಾಳವಾ?"

"ಬಿಡ ಯಜ್ಜಾ."

"ಹೇಳ ನೀ."

"ಮುದಿ ಆಡು ಅಂದ್ಳು."

"ಅನ್ಲಿ, ಖರೇನ ಐತಿ."

"ಸಾಬೂನು ಹಚ್ಚಿದೇನ ಅಂತ ಕೇಳಾಕತ್ತಾಳ."

"ಹಚ್ಚೇನಿ."

ಮೊಮ್ಮಗಳು ಅದನ್ನು ಹೇಳಿದಳು. ಅಕ್ಕನ ಬಾಯಿ ಮತ್ತೆ ಶುರುವಾಯಿತು. "ಈಗ ಎರಡ ಆಡು ಅಂತ" ಎಂದಳು ಹುಡುಗಿ. ಆಕೆಯ ದನಿಯಲ್ಲಿ ನಗು ಇತ್ತೋ ಅಳು ಇತ್ತೋ ತಿಳಿಯಲಿಲ್ಲ. "ಎದಕ್ಕ ಹಿಂಗ ಮಾಡಿದಿ ಅಂತ ಕೇಳಾಕತ್ತಾಳ ಯಜ್ಜಾ."

"ನಮ್ಮ ಮನ್ಯಾಗ ಜತನ ಮಾಡೂದಂದ್ರ ಹಿಂಗ ಅಂತ ಹೇಳು. ಈ ಬಡ್ಡಿಮಗಾ ಬೇಕಂತ ಮಾಡಿಲ್ಲಂತ ಹೇಳು. ಅಮಾಸಿಗೊಮ್ಮೆ ಇದನ್ನ ಬಿಚ್ಚಿ, ಆ ಅಕ್ಕನ ಮನಿ ಬೀಳದಿರಲಿ, ಆಕಿ ಆಕಳಾ ಛಂದ ಇರಲಿ ಅಂತ ಬೇಡಕೊಂಡ ಮಡಚಿ ಇಟ್ಟೇನಂತ ಹೇಳು."

ಹುಡುಗಿ ಬಹಳ ಹೊತ್ತು ಹೇಳಿದಳು. ಅಕ್ಕ ಕನ್ನಡಕ ತೆಗೆದು ಒರೆಸಿದಳು. ಆಮೇಲೆ ಒಂದೇ ಮಾತು ಕೇಳಿದಳು.

"ಆಕಳಿಗೂ ಬೇಡಕೊಂಡೀಯೇನ ಅಂತ."

"ಹೂಂನವಾ. ಮೊದ್ಲ ಆಕಳಿಗೇ."

ಅಷ್ಟಕ್ಕೆ ಬೈಗುಳ ನಿಂತಿತು. ಅಲ್ಲಿಂದ ಮುಂದೆ ಅಕ್ಕ ಕೆಲಸ ಹೇಳತೊಡಗಿದಳು. ಅವರ ಊರಲ್ಲಿ ಹಿಂದೆ ಮನೆಯಲ್ಲೇ ನಾರು ನೂತು ಬಟ್ಟೆ ನೇಯುತ್ತಿದ್ದರಂತೆ. ನೇಯ್ದ ಬಟ್ಟೆ ಮೊದಲು ಬೂದಿ ಬಣ್ಣ ಇರುತ್ತದೆ. ವಸಂತದಲ್ಲಿ ಹೊಳೆಯ ದಂಡೆಯ ಹುಲ್ಲಿನ ಮೇಲೆ ಹಾಸಿ, ನೀರು ಚಿಮುಕಿಸಿ, ಒಣಗಿದ ಹಾಗೆ ಮತ್ತೆ ಚಿಮುಕಿಸಿ, ವಾರಗಟ್ಟಲೆ ಬಿಸಿಲಿಗೆ ಇಟ್ಟು ಬಿಳಿ ಮಾಡುತ್ತಿದ್ದರು. ಕಲ್ಲಿನ ಮೇಲೆ ಬೇಡ, ಹುಲ್ಲೇ ಬೇಕು. ಹೂವು ಹಕ್ಕಿ ಕೆಳಮುಖವಾಗಿರಬೇಕು. ಅವಸರ ಮಾಡಬಾರದು. ಬಿಸಿಲಿಗೆ ಹೋಗದ ಬಣ್ಣ ಯಾವುದಕ್ಕೂ ಹೋಗುವುದಿಲ್ಲ.

ಬಿಸಿಲಿಗೆ ನಮ್ಮಲ್ಲಿ ಏನು ಕಡಿಮೆ! ಕಾಲುವೆಯ ಪಕ್ಕ, ಕಬ್ಬಿನ ಹೊಲದ ಬದುವಿನ ಮೇಲೆ ಕರಿಕೆ ಹುಲ್ಲು ದಟ್ಟವಾಗಿದೆ. ಅಲ್ಲಿ ಹಾಸಿ, ಚೊಂಬು ಹಿಡಿದು ಕೂತೆ. ಬಟ್ಟೆ ಒಣಗುವ ಮೊದಲೇ ಚಿಮುಕಿಸಬೇಕು. ನಾಯಿ ಬರಬಾರದು, ಕಾಗೆ ಕೂರಬಾರದು. ಬೆಲ್ಲದ ಗಾಣದ ಹೊಗೆಯಿಂದ ಕರಿ ಹಾರಿ ಬಂದರೆ ಊದಿ ತೆಗೆಯಬೇಕು. ಕುರಿ ಕಾಯ್ದ ಹಾಗೆಯೇ, ಆದರೆ ಈ ಕುರಿ ಅಲುಗಾಡುವುದಿಲ್ಲ.

ನಮ್ಮಲ್ಲಿ ಮಧ್ಯಾಹ್ನವಾದರೆ ಅಲ್ಲಿ ಆಗಷ್ಟೇ ಬೆಳಗು. ಹಾಲು ಕರೆದು ಬಂದು ಅಕ್ಕ ಫೋನು ಮಾಡುತ್ತಿದ್ದಳು. ನಾನು ಫೋನನ್ನು ಒಂದು ಮಣ್ಣಿನ ಹೆಂಟೆಗೆ ಆನಿಸಿ, ಸೆಲ್ಲೆ ಕಾಣುವ ಹಾಗೆ ನಿಲ್ಲಿಸುತ್ತಿದ್ದೆ. ಹುಡುಗಿಗೆ ದವಾಖಾನೆ ಕೆಲಸ, ನಡುವೆ ಇರುತ್ತಿರಲಿಲ್ಲ. ಅಕ್ಕ ಅಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು, ನಾನು ಇಲ್ಲಿ ನೀರು ಚಿಮುಕಿಸುತ್ತಿದ್ದೆ. ಮಾತಿಲ್ಲ. ಬಟ್ಟೆಯ ಒಂದು ಮೂಲೆ ಒಣಗಿದರೆ ನನಗಿಂತ ಮೊದಲು ಆಕೆಗೇ ಕಾಣುತ್ತಿತ್ತು; "ದೀದು!" ಎಂದು ಕೂಗುತ್ತಿದ್ದಳು. ನಾನು ಓಡುತ್ತಿದ್ದೆ. ಹೆಂಡತಿ ಹೋದ ಮೇಲೆ ನನ್ನ ಕೆಲಸದಲ್ಲಿ ತಪ್ಪು ಹುಡುಕುವವರು ಯಾರೂ ಇರಲಿಲ್ಲ.

ದಿನಕ್ಕಿಷ್ಟು ಹಳದಿ ಇಳಿಯುತ್ತ ಬಂತು. ಒಂದು ದಿನ ಅಕ್ಕನ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಅವರ ಕಡೆ ಮತ್ತೆ ಬಾಂಬು ಬಿದ್ದಿದೆ, ಕರೆಂಟಿನ ಕಂಬಗಳೇ ಇಲ್ಲವಂತೆ ಎಂದು ಮೊಮ್ಮಗಳು ಹೇಳಿದಳು. ನಾನು ಬದುವಿಗೆ ಹೋಗುವುದನ್ನು ಬಿಡಲಿಲ್ಲ. ಹೆಂಟೆಗೆ ಫೋನು ಆನಿಸಿಯೇ ಇಡುತ್ತಿದ್ದೆ. ಕರಿ ಗಾಜಿನಲ್ಲಿ ನನ್ನ ರುಮಾಲು, ಅದರ ಹಿಂದೆ ಆಕಾಶ ಕಾಣುತ್ತಿತ್ತು. ಬಟ್ಟೆ ಬಿಳುಪಾಗುತ್ತಿದೆ ಎಂದು ಯಾರಿಗೆ ತೋರಿಸಲಿ? ಕಬ್ಬು ಕಡಿಯುವವರ ದನಿ ದೂರದಿಂದ ಬರುತ್ತಿತ್ತು. ಒಂದು ದಿನ ಸೆಲ್ಲೆಗೇ ಹೇಳಿದೆ, "ನಿಮ್ಮವ್ವ ಬರ್ತಾಳ ತಡಿ."

ಲಗ್ನಕ್ಕೆ ಇಪ್ಪತ್ತು ದಿನ ಉಳಿದವು. ಬಟ್ಟೆ ಈಗ ಗಿಣ್ಣದ ಬಣ್ಣಕ್ಕೆ ಬಂದು ನಿಂತಿತ್ತು; ಎಮ್ಮೆ ಕರು ಹಾಕಿದ ದಿನದ ಹಾಲು ಇರುತ್ತದಲ್ಲ, ಆ ತೆಳು ಹಳದಿ. ಅದರಾಚೆ ಬಿಸಿಲಿ‌ಗೂ ಬಗ್ಗಲಿಲ್ಲ. ಇನ್ನೂ ಕಾಯಲೋ, ಹೀಗೇ ಕಳಿಸಲೋ? ಕೇಳಬೇಕಾದವಳ ಫೋನು ಸತ್ತಿತ್ತು. ಹುಡುಗಿಯನ್ನು ಕೇಳಿದೆ. "ನೀನ ಹೇಳ ಯಜ್ಜಾ, ಅಜ್ಜಿ ಕೆಲಸ ಹೇಳಿದ್ದು ನಿನಗಲ್ಲೇನ" ಎಂದಳು.

ಹೀಗೇ ಕಳಿಸುವುದೆಂದು ಜಮಖಂಡಿಗೆ ಹೋಗಿ ಕುರಿಯರ್ ಆಫೀಸಿನಲ್ಲಿ ಕೊಟ್ಟೆ.

"ಏನೈತ್ರಿ ಇದರಾಗ, ಯಜಮಾನ್ರ?"

"ಸೆಲ್ಲೆ."

"ಪೋಲೆಂಡಿಗಿ ಸೆಲ್ಲೆ? ಅಲ್ಲಿ ಅರಿವಿ ಸಿಗಂಗಿಲ್ಲೇನ್ರಿ?" ಎಂದು ಕೌಂಟರಿನ ಹಿಂದಿನ ಹುಡುಗಿ ನಕ್ಕಳು.

"ಇಂಥಾದ ಸಿಗಂಗಿಲ್ಲವಾ" ಎಂದೆ. ಆಕೆ ಟೇಪು ಸುತ್ತುವುದನ್ನು ಕೊನೆಯವರೆಗೆ ನಿಂತು ನೋಡಿದೆ.

ಆಮೇಲಿನ ದಿನಗಳಲ್ಲಿ ಕೈಗೆ ಕೆಲಸವಿರಲಿಲ್ಲ. ಬದುವಿನ ಮೇಲೆ ಸೆಲ್ಲೆ ಹಾಸಿದಷ್ಟು ಜಾಗದಲ್ಲಿ ಹುಲ್ಲು ಬಿಳಿಚಿಕೊಂಡಿತ್ತು. ಅಲ್ಲೇ ಹೋಗಿ ಕೂರುತ್ತಿದ್ದೆ.

ಲಗ್ನದ ಹಿಂದಿನ ದಿನ ಮೊಮ್ಮಗಳು ಫೋನು ಮಾಡಿದಳು. ಸೆಲ್ಲೆ ಮುಟ್ಟಿದೆ. ಮದುಮಗಳು ಬಿಚ್ಚಿ, ಮೂಸಿ, ಇದು ಯಾವ ವಾಸನೆ ಎಂದು ಕೇಳಿದಳಂತೆ. ನಮ್ಮ ಹುಡುಗಿ ಎಲ್ಲ ಹೇಳಿದಳಂತೆ. "ಇದನ್ನ ಹಾಸ್ತೀನಿ, ಮ್ಯಾಲೆ ಬ್ಯಾರೇದ ಹಾಕಂಗಿಲ್ಲ" ಎಂದಳಂತೆ ಮದುಮಗಳು. ನಾಳೆ ಮದುಮಗಳ ಗೆಳತಿ ಫೋನು ಹಿಡಿದು ನಿಲ್ಲುತ್ತಾಳೆ, ಅಕ್ಕನ ನಂಬರಿಗೂ ಹಚ್ಚುತ್ತಾರೆ. "ಒಂದ ಕೆಲಸ ಮಾಡ ಯಜ್ಜಾ. ಕಾಲ ನೋಡು. ಇಬ್ಬರಾಗ ಯಾರ ಮೊದ್ಲ ಸೆಲ್ಲೆ ತುಳೀತಾರ, ಮನ್ಯಾಗ ಅವರದ ನಡಿತೈತಂತ ಅವರಲ್ಲಿ. ಅಜ್ಜಿ ಅದನ್ನ ನೋಡಾಕ ಕಾಯ್ತಿರ್ತಾಳ."

ಮರುದಿನ ನನ್ನ ಫೋನು ಹತ್ತಿತು. ಅಕ್ಕನ ನಂಬರು ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೊಮ್ಮಗಳನ್ನೂ ದವಾಖಾನೆಯವರು ಕರೆದರು. ಆ ಲಗ್ನಕ್ಕೆ ಅಕ್ಕನ ಕಡೆಯವನೆಂದು ಉಳಿದವನು ನಾನೊಬ್ಬ, ನಮ್ಮ ಪಡಸಾಲೆಯಲ್ಲಿ, ಜೋಳದ ಚೀಲಕ್ಕೆ ಒರಗಿಕೊಂಡು. ಮೇಣದಬತ್ತಿಗಳು, ಯಾರೋ ಹಾಡುವ ದನಿ. ಒಬ್ಬಾಕೆ ಬಗ್ಗಿ ಸೆಲ್ಲೆ ಹಾಸಿದಳು. ಗಿಣ್ಣದ ಬಣ್ಣ, ಕೆಂಪು ಹಕ್ಕಿ. ನಾನು ರೆಪ್ಪೆ ಬಡಿಯಲಿಲ್ಲ. ಕರಿ ಬೂಟು ಒಂದು ಜೊತೆ, ಬಿಳಿ ಚಪ್ಪಲಿ ಒಂದು ಜೊತೆ. ನೋಡಿದೆ!

ಸಂತೋಷ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕಬ್ಬಿನ ಹೊಲದವರೆಗೆ ಓಡಿದೆ. ಮಗ ಟ್ರಾಲಿಗೆ ಕಬ್ಬು ಹೇರಿಸುತ್ತಿದ್ದ.

"ಲಗ್ನ ಆತಲೇ!"

"ಯಾರದು?"

"ಅಕ್ಕನ ಮೊಮ್ಮಗಳದು! ಸೆಲ್ಲೆ ಮ್ಯಾಲ ನಿಂತ್ರು!"

"ಹೌದೇನ? ಛಲೋ ಆತ. ಯಪ್ಪಾ, ಬರೂಮುಂದ ನೀರಿನ ಕೊಡ ತರಬೇಕಿಲ್ಲೋ" ಎಂದ. ನೀರು ತರಲು ತಿರುಗಿ ಬಂದೆ.

ಎರಡು ದಿನ ಅದನ್ನು ಬಾಯಲ್ಲಿ ಇಟ್ಟುಕೊಂಡೇ ತಿರುಗಾಡಿದೆ. ಮೂರನೆಯ ದಿನ ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಅಕ್ಕ! ಮುಖ ಸಣ್ಣಗಾಗಿತ್ತು. ಹಿಂದಿನ ಕಿಟಕಿಗೆ ಗಾಜಿನ ಬದಲು ಹಲಗೆ ಹೊಡೆದಿದ್ದರು. ಇನ್ನೆಲ್ಲಿಯ ಕ್ಷೇಮಸಮಾಚಾರ, ಮೊದಲು ಫೋನನ್ನು ಕೊಟ್ಟಿಗೆಯ ಕಡೆ ತಿರುಗಿಸಿ ಆಕಳು ತೋರಿಸಿದಳು, ಮೇಯುತ್ತಿತ್ತು. ಆಮೇಲೆ ಮೇಜಿನ ಮೇಲೆ ಎರಡು ಬೆರಳು ನಡೆಸಿದಳು. ಟಕ್, ಟಕ್. ಹುಬ್ಬು ಎತ್ತಿದಳು. ಯಾರು?

ಮೊಮ್ಮಗಳಿಗೆ ಹಚ್ಚಿದೆ, ಎತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. ತಲೆಯ ರುಮಾಲು ಬಿಚ್ಚಿ ನೆಲಕ್ಕೆ ಹಾಸಿದೆ. ನಮ್ಮಲ್ಲಿ ಗಂಡಸು ರುಮಾಲಿಗೆ ಕಾಲು ಸೋಕಿಸುವುದಿಲ್ಲ, ನೆಲಕ್ಕೆ ಇಡುವುದೂ ಇಲ್ಲ. ಹೆಗಲ ಮೇಲಿದ್ದ ನನ್ನ ಸೆಲ್ಲೆಯನ್ನು ತಲೆಗೆ ಮುಸುಕು ಹಾಕಿಕೊಂಡು ಮದುಮಗಳಾದೆ. ಬಲಗಾಲು ಎತ್ತಿ, ಮೆಲ್ಲಗೆ, ರುಮಾಲಿನ ಮೇಲೆ ಇಟ್ಟೆ.

ಅಕ್ಕ ಎರಡೂ ಕೈ ತಟ್ಟಿದಳು. ನಕ್ಕಳು, ನಕ್ಕು ಕೆಮ್ಮಿದಳು, ಕಣ್ಣೊರೆಸಿ ಮತ್ತೊಮ್ಮೆ ಎಂದು ಬೆರಳು ತೋರಿಸಿದಳು. ಇಳಿದು ಮತ್ತೆ ತುಳಿದೆ. ಅಷ್ಟರಲ್ಲಿ ಮರೆತು ಹೋದ ಕುಡುಗೋಲಿಗೆಂದು ಸೊಸೆ ಒಳಗೆ ಬಂದಳು.

"ಅಯ್ಯ, ಮಾವಾರ! ರುಮಾಲ ತುಳಿಯಾಕತ್ತೀರಲ್ರಿ! ತಲಿ ನೆಟ್ಟಗೈತಿಲ್ರಿ?"

"ತಡಿಯವ್ವಾ, ಮದುಮಗಳು ನಾನು!"

ಆಕೆ ನನ್ನನ್ನು ನೋಡಿದಳು, ಫೋನಿನಲ್ಲಿ ನಗುತ್ತಿದ್ದ ಮುದುಕಿಯನ್ನು ನೋಡಿದಳು. "ಯಾರ ಮೊದ್ಲ ತುಳದ್ರಂತ್ರಿ?" ಎಂದಳು.

"ಹುಡುಗಿ."

"ಹಂಗಾದ್ರ ಛಲೋ ಬಿಡ್ರಿ" ಎಂದು ಕುಡುಗೋಲು ತೆಗೆದುಕೊಂಡು ಹೊಲಕ್ಕೆ ಹೋದಳು.

ತಿರುಗಿ ನೋಡಿದರೆ ಅಕ್ಕನ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತ್ತು, ಆಮೇಲೆ ಅದೂ ಹೋಯಿತು. ಅವರಲ್ಲಿ ಕರೆಂಟು ಹೋಗಿರಬೇಕು. ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಮುಸುಕು ಹಾಕಿಕೊಂಡು ರುಮಾಲಿನ ಮೇಲೆ ಇನ್ನೂ ನಿಂತೇ ಇದ್ದೆ, ನಗುತ್ತ.